ಗುಡವಿಗೆ ಹೊರಡುವ ಮೊದಲು ಕಾರಿನ ಅಡಿಗೆ ಒಮ್ಮೆ ಬಗ್ಗಿ ನೋಡಿ

ಗಲ್ಫಿನಿಂದ ರಜೆಗೆ ಬಂದವರಿರುವ ಮನೆಯ ಲೆಕ್ಕಾಚಾರ ನಮಗೆಲ್ಲ ಗೊತ್ತಿರುವುದೇ. ಮೊದಲ ವಾರ ಸಂಬಂಧಿಕರ ಮನೆ, ಎರಡನೆಯ ವಾರ ಮದುವೆಯೋ ಮದುವೆಯ ಮಾತುಕತೆಯೋ, ಮೂರನೆಯ ವಾರಕ್ಕೆ ಮಕ್ಕಳ ಹಠಕ್ಕೆ ಸೋತು ಘಾಟಿ ಹತ್ತುವ ಟೂರು. ಹನ್ನೊಂದು ತಿಂಗಳು ಪೋರ್ಟಿಕೋದಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರು ಆ ಒಂದೇ ತಿಂಗಳಲ್ಲಿ ವರ್ಷದ ಓಟವನ್ನೆಲ್ಲ ಓಡಿ ಮುಗಿಸಬೇಕು. ಐದು ಮಂದಿಯ ಕಾರಿನಲ್ಲಿ ಏಳೆಂಟು ಮಂದಿ, ಡಿಕ್ಕಿಯಲ್ಲಿ ಬಿರಿಯಾನಿ ಪಾತ್ರೆ, ಚಾಪೆ, ನೀರಿನ ಕ್ಯಾನು.

ನಮ್ಮ ಮನೆಯ ಟೂರಿನ ಪಟ್ಟಿಗೆ ಈಚೆಗೆ ಸೊರಬ ತಾಲೂಕಿನ ಗುಡವಿ ಪಕ್ಷಿಧಾಮವೂ ಸೇರಿದೆ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ, ಲಾಂಚಿಗೆ ಕಾಯುವ ಕೆಲಸ ಇಲ್ಲ. ಕುಂದಾಪುರ, ಕೊಲ್ಲೂರು, ತುಮರಿ, ಸಿಗಂದೂರು, ಸಾಗರ, ಸೊರಬ ಅಂತ ಹಿಡಿದರೆ ಆಯಿತು. ಸೊರಬದಿಂದ ಹದಿನೈದು ಹದಿನಾರು ಕಿಲೋಮೀಟರ್. ಬನವಾಸಿ ಅಲ್ಲಿಂದ ಹತ್ತಿರ. ಪಕ್ಷಿಧಾಮ ದೊಡ್ಡದೇನೂ ಅಲ್ಲ, 73 ಹೆಕ್ಟೇರಿನ ಚಿಲ್ಲರೆ. ಆದರೆ ಕೆರೆಯ ನಡುವಿನ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಕಿಕ್ಕಿರಿದು ಕೂತಿರುವುದನ್ನು ಒಮ್ಮೆ ನೋಡಿದ ಮಕ್ಕಳು ಮತ್ತೆ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಅನ್ನುವುದಿಲ್ಲ.

ಒಂದೇ ತೊಡಕು. ಅಲ್ಲಿ ಹಕ್ಕಿಗಳು ಬಂದು ಗೂಡು ಕಟ್ಟುವುದು ಮಳೆ ಶುರುವಾದ ಮೇಲೆ, ಜೂನ್‌ನಿಂದ ನವೆಂಬರ್ ತನಕ. ನಮ್ಮ ರಸ್ತೆಗಳಲ್ಲಿ ಹೊಂಡ ಬೀಳುವುದೂ ಅದೇ ತಿಂಗಳುಗಳಲ್ಲಿ. ಕರಾವಳಿಯ ಹೆದ್ದಾರಿಯ ಗುಂಡಿ, ಕೊಲ್ಲೂರು ಘಾಟಿಯ ತಿರುವು, ಮೇಲೆ ಹೋದ ಮೇಲೆ ಒಳರಸ್ತೆಯ ಅಂಚು ಕಿತ್ತ ಡಾಂಬರು. ಈ ದಾರಿಯಲ್ಲಿ ಕಾರಿನ ಎಂಜಿನ್ನಿಗಿಂತ ಮೊದಲು ಸೋಲುವುದು ಅದರ ಅಡಿಯಲ್ಲಿರುವ, ಮುಷ್ಟಿಯಷ್ಟು ದೊಡ್ಡದೂ ಇಲ್ಲದ ರಬ್ಬರ್ ತುಂಡುಗಳು. ಮೆಕ್ಯಾನಿಕ್‌ಗಳು ಅದಕ್ಕೆ ಬುಶ್ ಅನ್ನುತ್ತಾರೆ, ಹಳಬರು ಸೈಲೆಂಟ್ ಬ್ಲಾಕ್ ಅನ್ನುತ್ತಾರೆ.

ಬುಶ್ ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಸ್ಪೀಡ್ ಬ್ರೇಕರ್ ಇಳಿಯುವಾಗ ಮುಂದಿನಿಂದ ‘ಟಕ್’ ಅಂತ ಒಂದು ಶಬ್ದ. ಹೆದ್ದಾರಿಯಲ್ಲಿ ಕಿಟಕಿ ಹಾಕಿ, ಎಸಿ ಹಾಕಿ, ಮಕ್ಕಳ ಗಲಾಟೆಯಲ್ಲಿ ಅದು ಕೇಳುವುದೇ ಇಲ್ಲ. ಗುಡವಿಯಂಥ ಊರಿನ ನಿಶ್ಶಬ್ದ ರಸ್ತೆಯಲ್ಲಿ, ಹಕ್ಕಿಗೆ ತೊಂದರೆ ಆಗಬಾರದು ಅಂತ ಹತ್ತು ಹದಿನೈದರ ವೇಗದಲ್ಲಿ ಹೋಗುವಾಗ ಸ್ಪಷ್ಟವಾಗಿ ಕೇಳುತ್ತದೆ. ದಿನಾ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಗಂಡಸರಿಗಿಂತ ತಿಂಗಳು ಮೊದಲೇ ಕೇಳಿರುತ್ತದೆ. ಹೇಳಿರುತ್ತಾರೆ ಕೂಡ. “ಹಳೇ ಗಾಡಿ ಅಲ್ವಾ, ಇರ್ಲಿ ಬಿಡು” ಅಂತ ಫೋನಿನಲ್ಲೇ ಉತ್ತರ ಬಂದಿರುತ್ತದೆ.

ಅದನ್ನು ಮನೆಯ ಅಂಗಳದಲ್ಲೇ ಬದಲಿಸಬಹುದಾ? ಬದಲಿಸಬಹುದು. ಎಲ್ಲ ಕಾರಿನದ್ದೂ ಅಲ್ಲ, ಎಲ್ಲ ಬುಶ್ ಕೂಡ ಅಲ್ಲ. ಕೆಲಸದ ಕೊನೆಯಲ್ಲಿ ಬರುವ ಒಂದು ಸಣ್ಣ ವಿಷಯ ಗೊತ್ತಿಲ್ಲದಿದ್ದರೆ ಹಾಕಿದ ಹೊಸ ಬುಶ್ ಕೆಲವೇ ತಿಂಗಳಿಗೆ ಹರಿದು ಹೋಗುತ್ತದೆ. ಆ ವಿಷಯ ಎಷ್ಟೋ ಗ್ಯಾರೇಜುಗಳಲ್ಲೂ ಪಾಲನೆ ಆಗುವುದಿಲ್ಲ. ಅದಕ್ಕೇ ಇಷ್ಟು ಬರೆಯುವುದು.

ಬುಶ್ ಅಂದರೆ ಏನು

ಒಂದು ಉಕ್ಕಿನ ಕೊಳವೆ. ಅದರ ಒಳಗೆ ಇನ್ನೊಂದು ಸಣ್ಣ ಉಕ್ಕಿನ ಕೊಳವೆ. ಎರಡರ ನಡುವೆ ರಬ್ಬರ್. ಒಳಗಿನ ಕೊಳವೆಯ ಮೂಲಕ ಬೋಲ್ಟು ಹೋಗಿ ಕಾರಿನ ಚಾಸಿಸ್‌ಗೆ ಬಿಗಿಯಾಗುತ್ತದೆ; ಹೊರಗಿನ ಕೊಳವೆ ಲೋವರ್ ಆರ್ಮ್ ಅನ್ನುವ ಕಬ್ಬಿಣದ ತೋಳಿನೊಳಗೆ ಒತ್ತಿ ಕೂತಿರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ತೋಳು ಬಾಗಿಲಿನಂತೆ ಆಡಬೇಕು, ಆದರೆ ಹಿಂದೆ ಮುಂದೆ ಅಲ್ಲಾಡಬಾರದು. ಆ ಬಾಗಿಲಿನ ತಿರುಗಣಿ ಈ ಬುಶ್.

ಬಾಗಿಲಿನ ತಿರುಗಣಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು, ಅದನ್ನು ಇಲ್ಲೇ ತಲೆಯಲ್ಲಿ ಇಟ್ಟುಕೊಳ್ಳಿ. ತಿರುಗಣಿಯಲ್ಲಿ ಲೋಹ ಲೋಹದ ಮೇಲೆ ಜಾರುತ್ತದೆ. ಸಾಮಾನ್ಯ ಬುಶ್ಶಿನಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಚಕ್ರ ಆಡಿದಾಗೆಲ್ಲ ರಬ್ಬರೇ ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಹಾಗಾಗಿ ಇದಕ್ಕೆ ಎಣ್ಣೆ ಗ್ರೀಸು ಬೇಡ. ಬೇಡ ಅಂದರೆ ಹಾಕಲೇಬಾರದು.

ಸುಳ್ಯ, ಬೆಳ್ತಂಗಡಿ ಕಡೆಯ ನಮ್ಮವರಿಗೆ ರಬ್ಬರಿನ ಸ್ವಭಾವ ಹೊಸದಾಗಿ ಹೇಳಬೇಕಾಗಿಲ್ಲ. ಮರದ ಹಾಲಿನಿಂದ ತೆಗೆದ ಶೀಟು ಡೀಸೆಲ್ ತಾಗಿದರೆ ಉಬ್ಬಿ ಲಿಚಲಿಚ ಆಗುತ್ತದೆ. ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆಯನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಮೇಲೆ ರಬ್ಬರು ಬಿಸಿಲು ಚಳಿ ತಾಳುವಂತೆ ಆಯಿತು, ಆದರೆ ಎಣ್ಣೆಯ ಜೊತೆಗಿನ ಜಗಳ ಮುಗಿಯಲಿಲ್ಲ. ಬುಶ್‌ಗಳಿಗೆ ಇವತ್ತಿಗೂ ಹೆಚ್ಚಾಗಿ ನೈಸರ್ಗಿಕ ರಬ್ಬರನ್ನೇ ಬಳಸುವುದು, ಯಾಕೆಂದರೆ ಲಕ್ಷಾಂತರ ಸಲ ತಿರುಚಿದರೂ ಅದು ಬೇಗ ದಣಿಯುವುದಿಲ್ಲ. ಶಬ್ದ ಬಂತು ಅಂತ ಬುಶ್ಶಿಗೆ ಹಳೇ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಒಂದು ವಾರ ಶಬ್ದ ಅಡಗುತ್ತದೆ, ಮತ್ತೆ ಆ ರಬ್ಬರು ಬೆಂದ ಮೀನಿನ ಹಾಗೆ ಬಿಡಿಸಿಕೊಂಡು ಬರುತ್ತದೆ. ಎಂಜಿನ್ ಆಯಿಲ್ ಸೋರುವ ಕಾರಿನಲ್ಲಿ ಬುಶ್ ಬೇಗ ಹೋಗುವುದೂ ಇದೇ ಕಾರಣಕ್ಕೆ.

“ನಮ್ಮ ಕಾರು ಓಡುವುದೇ ಇಲ್ಲ, ಹೇಗೆ ಹೋಗುತ್ತದೆ?” ಅಂತ ಕೇಳುವವರಿಗೆ: ರಬ್ಬರು ನಿಂತಲ್ಲೇ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್ ಅದನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಓಡದ ಕಾರಿನ ಮೀಟರ್ ನೋಡಿ ಬುಶ್ ಹೊಸದು ಅಂತ ತಿಳಿಯಬೇಡಿ. ಹಾಗೆ ಗಟ್ಟಿಯಾದದ್ದರ ಮೇಲೆ ಒಂದೇ ಸಲ ಎಂಟು ಮಂದಿಯ ಭಾರ ಹೇರಿ ಘಾಟಿ ಹತ್ತಿಸುತ್ತೇವೆ.

ಶಬ್ದ ಎಲ್ಲಿಂದ ಅಂತ ಮೊದಲು ನೋಡಿ

ಕಾರಿನ ಅಡಿಯಲ್ಲಿ ಶಬ್ದ ಮಾಡುವ ವಸ್ತು ಒಂದೆರಡಲ್ಲ. ಸ್ಟೇರಿಂಗ್ ತಿರುಗಿಸುವಾಗ ಮಾತ್ರ ಕಿರಕಿರ ಅಂದರೆ ಅದು ಹೆಚ್ಚಾಗಿ ಸ್ಟ್ರಟ್ಟಿನ ಮೇಲಿನ ಮೌಂಟ್. ಸಣ್ಣ ಸಣ್ಣ ಉಬ್ಬಿನ ರಸ್ತೆಯಲ್ಲಿ ಬಿಡದೆ ಕಟಕಟ ಅಂದರೆ ಸ್ಟೆಬಿಲೈಸರ್ ಲಿಂಕ್ ಅಥವಾ ಆ ಕಂಬಿಯ ರಬ್ಬರ್. ಲೋವರ್ ಆರ್ಮ್ ಬುಶ್ಶಿಗೆ ಒಂದು ಸುಲಭ ಪರೀಕ್ಷೆ ಉಂಟು. ಖಾಲಿ ಜಾಗದಲ್ಲಿ ನಿಧಾನ ಮುಂದೆ ಹೋಗಿ ಬ್ರೇಕ್ ಒತ್ತಿ, ಮತ್ತೆ ರಿವರ್ಸ್ ಹೋಗಿ ಬ್ರೇಕ್ ಒತ್ತಿ. ಒಂದೊಂದು ಸಲ ದಿಕ್ಕು ಬದಲಾದಾಗಲೂ ಒಂದೊಂದೇ ‘ಟಕ್’ ಬಂದರೆ ತೋಳು ಹಿಂದೆ ಮುಂದೆ ಸರಿಯುತ್ತಿದೆ ಅಂತ ಅರ್ಥ. ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುವುದು, ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಸದಾ ತಿದ್ದುತ್ತಾ ಇರಬೇಕಾಗುವುದು, ಟಯರಿನ ಒಳಅಂಚು ಮಾತ್ರ ಸವೆಯುವುದು, ಇವೆಲ್ಲ ಅದರ ಜೊತೆಗಾರರು.

ಸ್ವಿಫ್ಟ್, ಐ10 ತರದ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಒಂದೊಂದು ಲೋವರ್ ಆರ್ಮ್, ಅದಕ್ಕೆ ಚಾಸಿಸ್ ಕಡೆ ಎರಡು ಬುಶ್. ಮುಂದಿನದು ಸಣ್ಣದು, ಹಿಂದಿನದು ದೊಡ್ಡದು. ಬ್ರೇಕಿನ ಹೊಡೆತ ತಿನ್ನುವುದು ಹೆಚ್ಚಾಗಿ ಆ ಹಿಂದಿನದ್ದು, ಮೊದಲು ಹರಿಯುವುದೂ ಅದೇ. ಟಾರ್ಚ್ ಬಿಟ್ಟು ನೋಡಿ. ರಬ್ಬರಿನ ಮೈಮೇಲೆ ಕೂದಲೆಳೆಯಂಥ ಬಿರುಕಿದ್ದರೆ ಗಾಬರಿ ಬೇಡ, ಅದು ವಯಸ್ಸಿನ ಗುರುತು. ರಬ್ಬರು ಕೊಳವೆಯಿಂದ ಬಿಟ್ಟು ಸಂದು ಕಾಣುತ್ತಿದ್ದರೆ, ಅಥವಾ ಒಳಕೊಳವೆ ನಡುವಿನಲ್ಲಿರದೆ ಒಂದು ಬದಿಗೆ ವಾಲಿದ್ದರೆ ಅದು ಮುಗಿಯಿತು. ಉದ್ದದ ಕಬ್ಬಿಣದ ಸರಳಿನಿಂದ ತೋಳನ್ನು ಮೆಲ್ಲನೆ ಮೀಟಿ. ಸ್ವಲ್ಪ ಮಣಿದು ಹಿಂದೆ ಬಂದರೆ ಸರಿ, ಲೋಹ ಲೋಹಕ್ಕೆ ತಾಗಿದ ಶಬ್ದ ಬಂದರೆ ಸರಿಯಿಲ್ಲ.

ಇನ್ನೊಂದನ್ನು ಮರೆಯಬಾರದು: ತೋಳಿನ ಹೊರತುದಿಯಲ್ಲಿರುವ ಬಾಲ್ ಜಾಯಿಂಟ್. ಬುಶ್ ಹೋದ ಕಾರು ಶಬ್ದ ಮಾಡುತ್ತಾ, ಎಳೆಯುತ್ತಾ ಮನೆ ಸೇರುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿ ಬೀಳುತ್ತದೆ, ಘಾಟಿಯ ತಿರುವಿನಲ್ಲಾದರೆ ಹೇಳುವುದೇ ಬೇಡ. ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡಿ. ಲಟಪಟ ಅಂದರೆ ಬುಶ್ಶಿನ ಮಾತು ಆಮೇಲೆ, ಟೂರಿನ ಮಾತೂ ಆಮೇಲೆ.

ಮುರಕಲ್ಲಿನ ಮೇಲೆ ಕಾರು ಇಡಬೇಡಿ

ಈ ಒಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಕಾರಿನ ಜೊತೆ ಕಂಪೆನಿಯವರು ಕೊಡುವ ಜಾಕಿ ಟಯರ್ ಬದಲಿಸಲಿಕ್ಕೆ ಮಾತ್ರ. ಅದರ ಆಧಾರದಲ್ಲಿ ಕಾರಿನ ಅಡಿಗೆ ಕೈ ಹಾಕುವುದು ಕೂಡ ಬೇಡ, ದೇಹವನ್ನಂತೂ ತೂರಿಸಲೇಬಾರದು. ಜಾಕಿ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್. ಎರಡು ಒಳ್ಳೆಯ ಜಾಕ್ ಸ್ಟ್ಯಾಂಡಿಗೆ ಹಣ ಹಾಕಲು ಮನಸ್ಸಿಲ್ಲ ಅಂತಾದರೆ ಈ ಕೆಲಸವೇ ಬೇಡ, ಗ್ಯಾರೇಜಿಗೆ ಕೊಡಿ.

ನಮ್ಮ ಕಡೆ ಸ್ಟ್ಯಾಂಡಿನ ಬದಲಿಗೆ ಕೈಗೆ ಸಿಗುವುದು ಮುರಕಲ್ಲು. ಗೋಡೆ ಕಟ್ಟಿ ಉಳಿದ ಎರಡು ಕಲ್ಲು ಎಲ್ಲ ಮನೆಯ ಹಿಂದೆಯೂ ಇರುತ್ತದೆ. ಮನೆಯ ಭಾರವನ್ನೇ ಹೊರುವ ಕಲ್ಲು ಕಾರನ್ನು ಹೊರುವುದಿಲ್ಲವಾ ಅಂತ ವಾದ. ಗೋಡೆಯಲ್ಲಿ ಭಾರ ಕಲ್ಲಿನ ಮೈತುಂಬ ಹರಡಿರುತ್ತದೆ. ಕಾರಿನ ಅಡಿಯಲ್ಲಿ ಎರಡು ಬೆರಳಗಲದ ಉಕ್ಕಿನ ಅಂಚಿನಲ್ಲಿ ನೂರಾರು ಕಿಲೋ ಭಾರ ಒಂದೇ ಕಡೆ ಕೂರುತ್ತದೆ. ಮಳೆಯಲ್ಲಿ ನೆನೆದ ಮುರಕಲ್ಲು ಮುನ್ಸೂಚನೆ ಕೊಡದೆ ಸೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕೂ ಅಷ್ಟೇ. ಉಕ್ಕು ಬಾಗುತ್ತಾ ಎಚ್ಚರಿಸುತ್ತದೆ, ಕಲ್ಲು ಎಚ್ಚರಿಸುವುದಿಲ್ಲ.

ಇನ್ನು ಅಂಗಳ. ಇಂಟರ್‌ಲಾಕ್ ಹಾಸಿದ ಅಂಗಳದ ಅಡಿಯ ಮಣ್ಣು ಮಳೆಗಾಲದಲ್ಲಿ ಮೆತ್ತಗಾಗಿ, ಸ್ಟ್ಯಾಂಡಿನ ಒಂದು ಕಾಲು ಹೂತು ಕಾರು ವಾಲುವುದುಂಟು. ಪೋರ್ಟಿಕೋದ ಕಾಂಕ್ರೀಟ್ ನೆಲ ಒಳ್ಳೆಯದು. ಬೇರೆ ದಾರಿ ಇಲ್ಲದಿದ್ದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಅಥವಾ ಉಕ್ಕಿನ ತಗಡು. ಮುಂದಿನ ಭಾಗ ಎತ್ತುವಾಗ ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ ಕೊಡಿ. ಹಿಂದಿನ ಭಾಗ ಎತ್ತಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ, ಯಾಕೆಂದರೆ ಅದು ಹಿಡಿಯುವುದೇ ಹಿಂದಿನ ಚಕ್ರವನ್ನು. ಆಗ ಮುಂದಿನ ಚಕ್ರಕ್ಕೆ ಅಡ್ಡ ಬೇಕು, ಕಾರು ಗೇರಿನಲ್ಲಿರಬೇಕು. ಅಡಿಗೆ ಹೋಗುವ ಮೊದಲು ಕಾರನ್ನು ಕೈಯಿಂದ ಗಟ್ಟಿಯಾಗಿ ತಳ್ಳಿ ನೋಡಿ, ಬೀಳುವುದಿದ್ದರೆ ಆಗಲೇ ಬೀಳಲಿ. ತೆಗೆದ ಚಕ್ರವನ್ನು ಕಾರಿನ ಅಂಚಿನ ಅಡಿಗೆ ಮಲಗಿಸಿ ಇಡಿ. ಕೀ ನಿಮ್ಮ ಜೇಬಿನಲ್ಲಿರಲಿ. ಮನೆ ತುಂಬ ಮಕ್ಕಳಿರುವ ದಿನ, ಹಬ್ಬದ ಮರುದಿನ ಈ ಕೆಲಸಕ್ಕೆ ಇಳಿಯಬೇಡಿ.

ಯಾವುದನ್ನು ಮನೆಯಲ್ಲಿ ಮುಟ್ಟಬಾರದು ಅಂತಲೂ ಹೇಳಬೇಕು. ಸ್ವಿಫ್ಟ್ ತರದ ಕಾರಿನಲ್ಲಿ ಕಾಯಿಲ್ ಸ್ಪ್ರಿಂಗ್ ಸ್ಟ್ರಟ್ಟಿನ ಮೇಲೆ ಕೂತಿರುವುದರಿಂದ ಲೋವರ್ ಆರ್ಮ್ ಬಿಚ್ಚಿದರೆ ಸ್ಪ್ರಿಂಗ್ ಹಾರುವುದಿಲ್ಲ. ಇನ್ನೋವಾದ ಮುಂದಿನ ಭಾಗ ಹಾಗಲ್ಲ. ಅಲ್ಲಿ ಮೇಲೊಂದು ಕೆಳಗೊಂದು ತೋಳು, ಕಾರಿನ ಭಾರ ಹೊತ್ತ ಸ್ಪ್ರಿಂಗು ಕೆಳಗಿನ ತೋಳಿನ ಮೇಲೆಯೇ ನಿಂತಿರುತ್ತದೆ. ಸರಿಯಾದ ಸಾಧನ ಇಲ್ಲದೆ ಅದನ್ನು ಬಿಚ್ಚಿದರೆ ಸ್ಪ್ರಿಂಗು ಮನುಷ್ಯನ ಪ್ರಾಣ ತೆಗೆಯಬಲ್ಲದು. ಇನ್ನೋವಾ ಇರುವವರು ಶಬ್ದ ಎಲ್ಲಿಂದ ಅಂತ ಪತ್ತೆ ಹಚ್ಚಿ, ಉಳಿದದ್ದನ್ನು ಗ್ಯಾರೇಜಿಗೆ ಬಿಡುವುದು ಮೇಲು. ಯಾವ ಕಾರಿನದ್ದೇ ಆಗಲಿ ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ತೆಗೆಯುವ ಕೆಲಸವೂ ಮನೆಗೆ ಬೇಡ.

ಹಳೇ ಓಮ್ನಿ ಇಟ್ಟುಕೊಂಡವರ ಅದೃಷ್ಟ ಚೆನ್ನಾಗಿದೆ. ಅದರ ಹಿಂದೆ ಪಟ್ಟಿ ಸ್ಪ್ರಿಂಗು. ಕೊಂಡಿಯ ಬುಶ್ಶುಗಳನ್ನು ಬದಲಿಸಲು ಪ್ರೆಸ್ಸು ಬೇಕಾಗುವುದಿಲ್ಲ, ಸಾಬೂನು ನೀರು ಹಚ್ಚಿ ಒತ್ತಿದರೆ ಕೂರುತ್ತವೆ. ಬಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಬೇರೆ ಜಾಕಿ ಕೊಟ್ಟು, ಸ್ಪ್ರಿಂಗಿನ ಬಿಗಿ ಸಡಿಲಿಸಿಕೊಂಡು ಮಾಡಬೇಕು. ಕೈ ಪಳಗಿಸಲಿಕ್ಕೆ ಒಳ್ಳೆಯ ಕೆಲಸ.

ಬಿಚ್ಚುವುದು, ಹಾಕುವುದು

ಸಣ್ಣ ಕಾರಿನ ಲೋವರ್ ಆರ್ಮ್ ಬಿಚ್ಚುವ ಕ್ರಮ ಕಷ್ಟದ್ದಲ್ಲ. ಚಕ್ರದ ನಟ್ಟನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆಯಿರಿ. ಬಾಲ್ ಜಾಯಿಂಟನ್ನು ಹಿಡಿದಿರುವ ಬೋಲ್ಟ್ ತೆಗೆದು ತೋಳಿನ ಹೊರತುದಿ ಬಿಡಿಸಿ, ಸ್ಟೆಬಿಲೈಸರ್ ಲಿಂಕ್ ತೋಳಿಗೆ ಸೇರಿದ್ದರೆ ಅದನ್ನೂ ಬಿಡಿಸಿ, ಮತ್ತೆ ಚಾಸಿಸ್ ಕಡೆಯ ಬೋಲ್ಟುಗಳು. ಬ್ರೇಕಿನ ಪೈಪು ಎಳೆಯದಂತೆ, ಆಕ್ಸಲ್ ಶಾಫ್ಟು ಕಿತ್ತು ಬರದಂತೆ ಚಕ್ರದ ಹಬ್ಬನ್ನು ಹೊರಕ್ಕೆ ಜಗ್ಗದೆ ಕೆಲಸ ಮಾಡಬೇಕು.

ಹೇಳಲಿಕ್ಕೆ ಸುಲಭ. ಉಳ್ಳಾಲ, ಸುರತ್ಕಲ್, ಕಾಪು ಕಡೆ ಸಮುದ್ರದ ಗಾಳಿಯಲ್ಲಿ ನಿಂತ ಕಾರಿನಲ್ಲಿ ಆ ಬೋಲ್ಟು ಬುಶ್ಶಿನ ಒಳಕೊಳವೆಗೆ ತುಕ್ಕು ಹಿಡಿದು ಅಂಟಿರುತ್ತದೆ. ನಟ್ಟು ಬಿಚ್ಚಿಕೊಂಡರೂ ಬೋಲ್ಟು ಬರುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಾತ್ರಿ ಇನ್ನೊಮ್ಮೆ. ಹೇಗೂ ಬದಲಿಸುವ ಬುಶ್ ಆದ್ದರಿಂದ ಅಲ್ಲಿ ಎಣ್ಣೆ ತಾಗಿದರೆ ಚಿಂತೆ ಇಲ್ಲ. ಸಣ್ಣ ಪಾನೆಗೆ ಪೈಪು ಸಿಕ್ಕಿಸಿ ನೇತಾಡುವ ಬದಲು ಉದ್ದ ಹಿಡಿಯ ಬ್ರೇಕರ್ ಬಾರ್, ಆರು ಮೂಲೆಯ ಸಾಕೆಟ್ ಬಳಸಿ. ಬೋಲ್ಟಿನ ತಲೆ ಉರುಟಾದರೆ ಅವತ್ತಿನ ದಿನ ಹೋಯಿತು.

ತೋಳು ಕೈಗೆ ಬಂದ ಮೇಲೆ ನಿಮ್ಮ ಮುಂದೆ ಎರಡು ದಾರಿ. ಬುಶ್ಶು, ಬಾಲ್ ಜಾಯಿಂಟ್ ಎಲ್ಲ ಸೇರಿದ ಹೊಸ ತೋಳನ್ನೇ ಹಾಕುವುದು ಒಂದು. ಹಣ ಹೆಚ್ಚು, ತಲೆಬಿಸಿ ಕಡಿಮೆ. ಬಾಲ್ ಜಾಯಿಂಟೂ ಸವೆದಿದ್ದರೆ, ತೋಳು ತುಕ್ಕು ಹಿಡಿದಿದ್ದರೆ ಇದೇ ಸರಿ. ಬುಶ್ ಮಾತ್ರ ಬದಲಿಸುವುದು ಇನ್ನೊಂದು. ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ತೋಳನ್ನು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ ಒತ್ತಿಸಿಕೊಂಡು ಬರುವುದೇ ಬುದ್ಧಿವಂತಿಕೆ. ಅರ್ಧ ಕೆಲಸ ಮನೆಯಲ್ಲಿ, ಅರ್ಧ ಅಲ್ಲಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಗಟ್ಟಿಯಾದ ವೈಸ್ ಇದ್ದರೆ, ಸರಿಯಾದ ಅಳತೆಯ ಸಾಕೆಟ್ಟು ಮತ್ತು ಪೈಪಿನ ತುಂಡು ಇಟ್ಟು ಸಣ್ಣ ಬುಶ್ಶನ್ನು ಮನೆಯಲ್ಲೂ ಒತ್ತಬಹುದು.

ಬೆಂಕಿ ಹಚ್ಚಿ ರಬ್ಬರು ಸುಡುವುದನ್ನು ನೋಡಿರಬಹುದು. ಆ ಹೊಗೆ ಕುಡಿಯುವಂಥದ್ದಲ್ಲ, ಉಮ್ಮ ಒಣಗಲು ಹಾಕಿದ ಬಟ್ಟೆಯ ಗತಿಯೂ ಕೇಳಬೇಡಿ. ಸುತ್ತಿಗೆಯಿಂದ ಬಡಿದರೆ ತಗಡಿನ ತೋಳಿನ ಕಣ್ಣು ಅಂಡಾಕಾರ ಆಗುತ್ತದೆ, ಮತ್ತೆ ಅದರಲ್ಲಿ ಯಾವ ಬುಶ್ಶೂ ನಿಲ್ಲುವುದಿಲ್ಲ.

ಹಳೆಯದನ್ನು ತೆಗೆಯುವ ಮೊದಲು ಅದು ಹೇಗೆ ಕೂತಿದೆ ಅಂತ ಫೋಟೊ ತೆಗೆಯಿರಿ, ತೋಳಿನ ಮೇಲೆ ಬಣ್ಣದ ಗೆರೆ ಹಾಕಿ, ಎಷ್ಟು ಒಳಗೆ ಕೂತಿದೆ ಅಂತ ಅಳೆಯಿರಿ. ದೊಡ್ಡ ಬುಶ್ಶಿನ ರಬ್ಬರಿನಲ್ಲಿ ಎರಡು ಖಾಲಿ ಜಾಗ ಬಿಟ್ಟಿರುತ್ತಾರೆ. ಒಂದು ದಿಕ್ಕಿನಲ್ಲಿ ಮೆತ್ತಗೆ, ಇನ್ನೊಂದು ದಿಕ್ಕಿನಲ್ಲಿ ಗಟ್ಟಿ ಇರಲಿ ಅಂತ. ಅದನ್ನು ಅಡ್ಡ ತಿರುಗಿಸಿ ಹಾಕಿದರೆ ಕಾರಿನ ನಡೆಯೇ ಬದಲಾಗುತ್ತದೆ. ಹೊಸದನ್ನು ಒತ್ತುವಾಗ ಬಲ ಬೀಳಬೇಕಾದ್ದು ಹೊರಕೊಳವೆಯ ಮೇಲೆ. ಒಳಕೊಳವೆಯನ್ನು ಒತ್ತಿದರೆ ಹಾಕುವಾಗಲೇ ರಬ್ಬರು ಹರಿಯಿತು. ತೋಳಿನ ಕಣ್ಣನ್ನು ಉಜ್ಜಿ ತುಕ್ಕು ತೆಗೆದು, ಬೇಕಿದ್ದರೆ ತೆಳು ಸಾಬೂನು ನೀರು ಹಚ್ಚಿ. ಹೊಸ ಬುಶ್ಶನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಕೂರುತ್ತದೆ. ಬಂಗುಡೆಯ ಪಕ್ಕ ಇಡುವ ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಡುಗೆಮನೆಯವರ ಅನುಮತಿಯನ್ನೂ ತೆಗೆದುಕೊಳ್ಳಿ.

ಕೊನೆಯ ಬಿಗಿ ನೆಲದ ಮೇಲೆ

ಆರಂಭದಲ್ಲಿ ಹೇಳಿದ ಆ ಸಣ್ಣ ವಿಷಯ ಇದು. ತೋಳನ್ನು ಹಿಂದೆ ಕೂರಿಸಿ ಬೋಲ್ಟು ಹಾಕುವಾಗ ಕಾರು ಎತ್ತಿದ ಸ್ಥಿತಿಯಲ್ಲಿದೆ, ಚಕ್ರ ಜೋತಾಡುತ್ತಿದೆ, ತೋಳು ಕೆಳಗೆ ವಾಲಿದೆ. ಆಗಲೇ ಬುಶ್ಶಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ಏನಾಗುತ್ತದೆ? ಒಳಕೊಳವೆ ಚಾಸಿಸ್ಸಿಗೆ ಕಚ್ಚಿಕೊಂಡಿತು. ಈಗ ಕಾರನ್ನು ಇಳಿಸಿದ ಕೂಡಲೇ ತೋಳು ಮೇಲಕ್ಕೆ ಬರುತ್ತದೆ, ಒಳಕೊಳವೆ ಅಲುಗುವುದಿಲ್ಲ, ನಡುವಿನ ರಬ್ಬರು ತಿರುಚಿಕೊಳ್ಳುತ್ತದೆ. ಕಾರು ಪೋರ್ಟಿಕೋದಲ್ಲಿ ಸುಮ್ಮನೆ ನಿಂತಿರುವಾಗಲೂ ಅದು ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಹಗಲು ರಾತ್ರಿ, ತಿಂಗಳುಗಟ್ಟಲೆ. ಅದರ ಮೇಲೆ ಒಂದು ಹೊಂಡಕ್ಕೆ ಬಿದ್ದರೆ ರಬ್ಬರಿಗೆ ಇನ್ನೂ ತಿರುಚಲು ಎಡೆಯಿಲ್ಲ, ಕೊಳವೆಯಿಂದ ಕಿತ್ತುಕೊಳ್ಳುತ್ತದೆ.

ನಮ್ಮ ಬಳಗದ ಒಂದು ಮನೆಯ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಬುಶ್ ಹಾಕಿಸಿದ್ದರು. ಎರಡನೆಯ ಸಲ ಗ್ಯಾರೇಜಿನವರು “ಪಾರ್ಟ್ ಡೂಪ್ಲಿಕೇಟ್ ಬಂದದ್ದು” ಅಂದರು, ಮನೆಯವರು ಅಂಗಡಿಯವನನ್ನು ಬೈದರು. ಹರಿದ ಬುಶ್ ನಾವು ನೋಡಿದೆವು. ಒಳಕೊಳವೆಯ ಒಂದೇ ಬದಿಯಲ್ಲಿ ರಬ್ಬರು ಸುರುಳಿಯಾಗಿ ಬಿಟ್ಟಿತ್ತು, ಎರಡೂ ಕಡೆಯ ಬುಶ್ಶಿನಲ್ಲೂ ಹಾಗೆಯೇ. ಲಿಫ್ಟಿನಲ್ಲಿ ಎತ್ತಿದ ಕಾರಿಗೆ ಅಲ್ಲೇ ಗನ್ ಹಿಡಿದು ಬೋಲ್ಟು ಬಿಗಿ ಮಾಡಿ ಇಳಿಸಿದರೆ ಹೀಗೆ ಆಗುತ್ತದೆ. ಮೂರನೆಯ ಜೋಡಿಯನ್ನು ಅವರ ಪೋರ್ಟಿಕೋದಲ್ಲೇ ಹಾಕಿದೆವು, ಕೊನೆಯ ಬಿಗಿಯನ್ನು ಭಾರ ಬಿಟ್ಟ ಮೇಲೆ ಮಾಡಿದೆವು. ಅಂಗಡಿ ಅದೇ, ಪಾರ್ಟೂ ಅದೇ ಕಂಪೆನಿಯದ್ದು. ಎರಡು ಮಳೆಗಾಲ ಕಳೆದರೂ ಶಬ್ದ ಇಲ್ಲ.

ಮಾಡುವುದು ಹೀಗೆ. ಬುಶ್ಶಿನ ಬೋಲ್ಟುಗಳನ್ನು ಸಂದಿಲ್ಲದಂತೆ, ಆದರೆ ತೋಳು ಆಡುವಷ್ಟು ಸಡಿಲವಾಗಿ ಕೂರಿಸಿ. ಬಾಲ್ ಜಾಯಿಂಟಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿ, ಅದಕ್ಕೆ ಈ ನಿಯಮ ಇಲ್ಲ. ಚಕ್ರ ಹಾಕಿ, ಎರಡೂ ಮುಂದಿನ ಚಕ್ರಗಳು ಗಟ್ಟಿಯಾದ ಅಗಲ ಹಲಗೆಗಳ ಮೇಲೆ ಅಥವಾ ರ‍್ಯಾಂಪಿನ ಮೇಲೆ ಕೂರುವಂತೆ ಇಳಿಸಿ. ಕಾರಿನ ಮುಂಭಾಗವನ್ನು ಎರಡು ಮೂರು ಸಲ ಕೈಯಿಂದ ಒತ್ತಿ ಬಿಟ್ಟರೆ ತೋಳು ತನ್ನ ಸಹಜ ಜಾಗಕ್ಕೆ ಬರುತ್ತದೆ. ಹಿಂದಿನ ಚಕ್ರಕ್ಕೆ ಅಡ್ಡ ಇರಲಿ, ಸ್ಟ್ಯಾಂಡುಗಳು ಬಾಡಿಯ ಅಡಿಯಲ್ಲಿ ಕಾವಲಿಗೆ ಇರಲಿ. ಈಗ ಬುಶ್ಶಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ, ಆ ಕಾರಿನ ಸರ್ವಿಸ್ ಪುಸ್ತಕ ಹೇಳಿದ ಅಳತೆಗೆ ಬಿಗಿ ಮಾಡಿ. ಒಂದು ಕಾರಿನ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ, ಹಾಗಾಗಿ ಇಲ್ಲಿ ಅಂಕಿ ಬರೆಯುವುದಿಲ್ಲ. ಗ್ಯಾರೇಜಿಗೇ ಕೊಡುವವರಾದರೂ ಈ ಒಂದು ಮಾತು ಹೇಳಿ ಕೊಡಿ: “ಲಿಫ್ಟಿನಿಂದ ಇಳಿಸಿದ ಮೇಲೆ ಟೈಟ್ ಮಾಡಿ.” ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಸಿಟ್ಟಾಗುವುದಿಲ್ಲ.

ಪಾಲಿಯುರೆಥೇನ್ ಬುಶ್ ಹಾಕಿ ಅಂತ ಸಲಹೆ ಕೊಡುವ ಹುಡುಗರಿದ್ದಾರೆ. ಅದು ಕೊಳವೆಯ ಮೇಲೆ ಜಾರಿ ತಿರುಗುವ ಜಾತಿ, ಅದಕ್ಕೇ ಬೇರೆ ಗ್ರೀಸು ಉಂಟು, ಬಾಳಿಕೆಯೂ ಉಂಟು. ಆದರೆ ರಸ್ತೆಯ ಪ್ರತಿಯೊಂದು ಕಲ್ಲನ್ನೂ ಹಿಂದಿನ ಸೀಟಿನ ಅಜ್ಜಿಯ ಸೊಂಟಕ್ಕೆ ಮುಟ್ಟಿಸುತ್ತದೆ. ಮನೆಮಂದಿ ಕೂರುವ ಕಾರಿಗೆ ಕಂಪೆನಿಯ ರಬ್ಬರೇ ಸಾಕು. ಒಂದು ಬದಿಯದ್ದು ಹೋಗಿದ್ದರೂ ಎರಡೂ ಬದಿ ಒಟ್ಟಿಗೆ ಬದಲಿಸಿ. ಬಳಸಿದ ಲಾಕ್ ನಟ್ಟುಗಳನ್ನು ಮತ್ತೆ ಹಾಕದೆ ಹೊಸದನ್ನು ಹಾಕಿ, ಅದರ ಬೆಲೆ ದೊಡ್ಡದಲ್ಲ.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ತೋಳು ಬಿಚ್ಚಿ ಹಾಕಿದ ಮೇಲೆ ಚಕ್ರದ ಕೋನ ಮೊದಲಿನಂತೆ ಇರುತ್ತದೆ ಅನ್ನುವ ಭರವಸೆ ಇಲ್ಲ, ಅದನ್ನು ಕಣ್ಣಳತೆಯಲ್ಲಿ ಹಿಡಿಯಲಿಕ್ಕೂ ಆಗುವುದಿಲ್ಲ. ಅಲೈನ್‌ಮೆಂಟಿನ ಚೀಟಿಯನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಳ್ಳಿ, ಮುಂದಿನ ಸಲ ಹೋಲಿಸಲಿಕ್ಕೆ ಬೇಕಾಗುತ್ತದೆ. ಮೊದಲ ಐವತ್ತು ನೂರು ಕಿಲೋಮೀಟರು ಊರಿನ ಸುತ್ತಲೇ ಓಡಿಸಿ, ಘಾಟಿ ಆಮೇಲೆ ಹತ್ತಿಸಿ.

ಬಿಗಿ ಮಾಡಿದ ಕೂಡಲೇ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಸೇರುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ, ಹೆಣ್ಣುಮಕ್ಕಳ ಹಳೇ ನೈಲ್ ಪಾಲಿಶ್ ಆದರೂ ಆಗುತ್ತದೆ. ಆ ನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ, ಗುಡವಿಯಿಂದ ಇಳಿದು ಬಂದ ಮರುದಿನ ಇನ್ನೊಮ್ಮೆ, ಟಾರ್ಚ್ ಹಿಡಿದು ನೋಡಿ. ಗೆರೆ ನೇರವಾಗಿದ್ದರೆ ಕೆಲಸ ಮುಗಿಯಿತು. ಗೆರೆ ಮುರಿದು ಎರಡು ತುಂಡಾಗಿದ್ದರೆ ಬೋಲ್ಟು ತಿರುಗಿದೆ. ಕಾರನ್ನು ಅಲ್ಲೇ ನಿಲ್ಲಿಸಿ, ಮತ್ತೆ ನೆಲದ ಮೇಲೆಯೇ ಬಿಗಿ ಮಾಡಿ, ಲಾಕ್ ನಟ್ಟು ಬದಲಿಸಿ.